ತೇರ್ಸಿನ ಹೊತ್ತಿಗೆ ಮಾತ್ರ ಬರುವ ದನಿ

ನನ್ನ ಪಪ್ಪನಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಹೊನ್ನಾವರದಿಂದ ಭಟ್ಕಳಕ್ಕೆ ಪ್ಯಾಸೆಂಜರ್ ಟೆಂಪೋ ಓಡಿಸಿ ಓಡಿಸಿ, ಇಂಜಿನ್ನಿನ ಸದ್ದಿಗಿಂತ ಒಂದು ಕೈ ಮೇಲೆ ಮಾತಾಡುವುದೇ ಅವರಿಗೆ ರೂಢಿ. ಮನೆಗೆ ಬರುವಾಗ ಗೇಟು ದಾಟುವ ಮೊದಲೇ ಮಮ್ಮಿಯ ಹೆಸರು ಕೂಗುತ್ತಿದ್ದರು. ಚಹಾ ಬೇಕಾದರೂ ಅವಳ ಹೆಸರು, ಟವೆಲ್ ಸಿಗದಿದ್ದರೂ ಅವಳ ಹೆಸರು, ಏನೂ ಬೇಡದಿದ್ದರೂ ಅವಳ ಹೆಸರು.

"ಎಂತ? ನಾನೆಂತ ಓಡಿ ಹೋದ್ನಾ?" ಎಂದು ಮಮ್ಮಿ ಒಳಗಿಂದ ರೇಗುತ್ತಿದ್ದಳು. ಮನೆಯೊಳಗೆ ನಾವಾಡುವುದು ಕೊಂಕಣಿ. ಇಲ್ಲಿ ಅದನ್ನು ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದ ಪಪ್ಪ ಕುಸಿದು ಬಿದ್ದರು. ಬಲಗೈ ಜೋತುಬಿದ್ದಿತ್ತು, ಬಾಯಿ ವಾರೆಯಾಗಿತ್ತು. ನಮ್ಮ ಜಿಲ್ಲೆಯಲ್ಲಿ ಇಂಥದ್ದಾದರೆ ಮೊದಲು ಆಂಬುಲೆನ್ಸ್ ಹುಡುಕಬೇಕು, ಆಮೇಲೆ ಹೆದ್ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತ ಕೂರಬೇಕು. ಉಡುಪಿ ಕಡೆಯ ದೊಡ್ಡ ಆಸ್ಪತ್ರೆ ಮುಟ್ಟಿದಾಗ, "ಇನ್ನೂ ಸ್ವಲ್ಪ ಬೇಗ ಬರಬೇಕಿತ್ತು" ಎಂದರು ಡಾಕ್ಟರು. ಅವರು ಬೈದಂತೇನೂ ಹೇಳಲಿಲ್ಲ, ಆದರೂ ನನಗೆ ಸಿಟ್ಟು ನೆತ್ತಿಗೇರಿತು. ನಾವೇನು ದಾರಿಯಲ್ಲಿ ಎಳನೀರು ಕುಡಿಯುತ್ತ ನಿಂತಿದ್ದೆವೇ?

ಜೀವ ಉಳಿಯಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಿರುಗಿ ಹೇಳಲು ಹೋದರೆ ಮಾತ್ರ "ಆ... ಆ..." ಎಂಬುದಷ್ಟೇ ಹೊರಡುತ್ತಿತ್ತು. ಅದನ್ನು ತಮ್ಮ ಕಿವಿಯಲ್ಲೇ ಕೇಳಿ ಬೆಚ್ಚಿಬಿದ್ದು ನಮ್ಮ ಮುಖ ನೋಡುತ್ತಿದ್ದರು.

ಮನೆಗೆ ಕರೆತಂದ ದಿನ ಸಂಜೆ ಮಮ್ಮಿ ಎಂದಿನಂತೆ ಮನೆಯ ದೇವರ ಪೀಠವಾದ ಆಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ತೇರ್ಸಿಗೆ ಕೂತಳು. ತೇರ್ಸ್ ಎಂದರೆ ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಕೂಡಿ ಮಾಡುವ ಪ್ರಾರ್ಥನೆ. ಯೇಸುವಿನ ತಾಯಿ ಮರಿಯಮ್ಮನಿಗೆ ವಂದಿಸುವ ಮೊದಲರ್ಧವನ್ನು ಒಬ್ಬರು ಹೇಳಬೇಕು, ಬೇಡಿಕೊಳ್ಳುವ ಉಳಿದರ್ಧವನ್ನು ಮಿಕ್ಕವರು ಹೇಳಿ ಮುಗಿಸಬೇಕು. ಮೊದಲರ್ಧ ಯಾವಾಗಲೂ ಪಪ್ಪನದು. ಅಂದು ಅದನ್ನು ಮಮ್ಮಿ ಹೇಳಿದಳು, ನಾನು ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಂಚದ ಮೇಲಿಂದ ಆ ಟೆಂಪೋ ಡ್ರೈವರನ ದನಿ ಬಂತು. "ದೆವಾಚೆ ಮಾಯೆ," ದೇವರ ತಾಯಿಯೇ ಎಂದು ಕರೆದು, ಒಂದು ಅಕ್ಷರವೂ ಜಾರದಂತೆ ಆಮೆನ್‌ವರೆಗೂ ಹೇಳಿ ಮುಗಿಸಿತು.

ನಾನು ಮಂಚದ ಕಡೆ ತಿರುಗಿದೆ. ಮಮ್ಮಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆ ದನಿ ಓಡಿಹೋದೀತೆಂಬ ಹೆದರಿಕೆಯಿಂದ ಇಡೀ ಜಪಮಾಲೆಯನ್ನು ಉಸಿರು ಬಿಡದೆ ಎಳೆದುಕೊಂಡು ಹೋದಳು. ಪ್ರತಿ ಮಣಿಗೂ ಪಪ್ಪ ಉತ್ತರ ಕೊಟ್ಟರು. ಮುಗಿದ ಕೂಡಲೇ ಮಂಚದ ಹತ್ತಿರ ಮೊಣಕಾಲೂರಿ ಅವಳು ಕೇಳಿದಳು, "ಈಗ ನನ್ನ ಹೆಸರು ಹೇಳಿ."

"ಆ... ಆ..." ಎಂದರು ಪಪ್ಪ.

ಮರುದಿನ ಬೆಳಿಗ್ಗೆ ಮೀನು ಮಾರಲು ಬರುವ ಹೆಂಗಸು ಬುಟ್ಟಿ ಇಳಿಸುವ ಮೊದಲೇ ವಿಚಾರಿಸಿದಳು. "ಎಂತ ಬಾಯಮ್ಮ, ಡ್ರೈವರ್ರು ಮಾತಾಡ್ತ್ರಂತಲ? ನಿನ್ನೆ ರಸ್ತೆವರೆಗೆ ಕೇಳ್ತಂತೆ. ನಾನು ಧಾರೇಶ್ವರಂಗೆ ಒಂದು ಹಣ್ಣುಕಾಯಿ ಹೇಳ್ಕಂಡಿದ್ದೆ, ಆತು ಬಿಡಿ."

"ಅದನ್ನೂ ಒಪ್ಪಿಸಿಬಿಡು ಮಾರಾಯ್ತಿ," ಎಂದಳು ಮಮ್ಮಿ. ಅವಳಿಗೆ ಆಗ ಯಾರ ದೇವರಾದರೂ ಆಗುತ್ತಿತ್ತು.

ಕುಮಟಾದಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಅವಳಿಗೆ ಇದನ್ನು ಹೇಳಿದಾಗ ಆಶ್ಚರ್ಯವೇನೂ ಆಗಲಿಲ್ಲ. "ಪ್ರಾರ್ಥನೆ, ಹಾಡು, ಮಗ್ಗಿ, ಇಂಥದ್ದು ಕೆಲವರಿಗೆ ಉಳೀತದೆ ಆಂಟಿ. ಬಾಯಿಗೆ ರೂಢಿಯಾಗಿರ್ತದಲ್ಲ, ತಾನಾಗೇ ಬತ್ತದೆ. ಬೇಕು ಅಂತ ಆಡೋ ಮಾತು ಬೇರೆ. ಅದು ಬರಬಹುದು, ಬರದೇನೂ ಇರಬಹುದು."

ಹೊರಗೆ ಬಂದು ರಿಕ್ಷಾದಲ್ಲಿ ಕೂತ ಮೇಲೆ ಮಮ್ಮಿ, "ಮೊನ್ನೆ ಹುಟ್ಟಿದ ಹುಡುಗಿ, ಅವ್ಳಿಗೆಂತ ಗೊತ್ತು" ಎಂದಳು. ಪಪ್ಪ ನಮ್ಮಿಬ್ಬರ ನಡುವೆ ಕೂತಿದ್ದರು. ಅವರೂ ಎಲ್ಲವನ್ನೂ ಕೇಳಿಸಿಕೊಂಡಿದ್ದರು ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಮಮ್ಮಿಗೆ ಸಿಕ್ಕ ಹುಲ್ಲುಕಡ್ಡಿ ತೇರ್ಸು. ಸಂಜೆಗೊಂದು ಇದ್ದದ್ದು ಬೆಳಿಗ್ಗೆಗೂ ಬಂತು, ಊಟಕ್ಕೆ ಮುಂಚೆಯೂ ಬಂತು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ತರಗತಿಗೆ ಹೋಗುವಷ್ಟರಲ್ಲಿ ಗಂಟಲು ಕಟ್ಟಿರುತ್ತಿತ್ತು. ಅಕ್ಟೋಬರ್ ನಮಗೆ ಜಪಮಾಲೆಯ ತಿಂಗಳು. ಆ ತಿಂಗಳು ಮುಗಿಯುವುದರೊಳಗೆ ಪಪ್ಪ ತನ್ನನ್ನು ಹೆಸರು ಹಿಡಿದು ಕರೆಯುತ್ತಾರೆ ಎಂದು ಮಮ್ಮಿ ದೇವರ ಪರವಾಗಿ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು.

ಅವಳೊಂದು ಉಪಾಯವನ್ನೂ ಹೂಡಿದಳು. ಪ್ರಾರ್ಥನೆಯ ನಡುವೆ, ಅದೇ ಧಾಟಿಯಲ್ಲಿ, ಮೊದಲರ್ಧದ ಜಾಗದಲ್ಲಿ ಪ್ರಶ್ನೆ ಸೇರಿಸತೊಡಗಿದಳು. "ಕಾಲು ನೋಯ್ತದೋ, ಎಣ್ಣೆ ತಿಕ್ಕಲೋ, ಗಂಜಿ ಸಾಕಾತೋ ಹೇಳೀ..." ಎಂದು ರಾಗ ಎಳೆದು ನಿಲ್ಲಿಸಿದರೆ, ಪ್ರಾರ್ಥನೆಯ ಓಟದಲ್ಲಿ ಬಾಯಿ ಮೋಸ ಹೋಗಿ ಒಂದು ನಿಜವಾದ ಮಾತು ಜಾರಿ ಬಂದೀತೆಂಬ ಆಸೆ. ಪಪ್ಪ ಸರಿಯಾದ ತಾಳಕ್ಕೆ, "ದೆವಾಚೆ ಮಾಯೆ," ಎಂದು ಶುರುಮಾಡುತ್ತಿದ್ದರು. ಮೊದಲ ಸಲ ನನಗೆ ನಗು ತಡೆಯಲಾಗಲಿಲ್ಲ. ಪಪ್ಪನೂ ವಾರೆ ಬಾಯಲ್ಲೇ ನಕ್ಕರು. ಮಮ್ಮಿ ಒಬ್ಬಳೇ ನಗಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದಳು, ಅದರ ಮಾರನೆಯ ದಿನವೂ ಕೇಳಿದಳು. ಬರಬರುತ್ತ ನಮಗೂ ನಗು ಬರದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ದಿನಕ್ಕೆ ಮೂರು ಹೊತ್ತೂ ನಡೆಯುತ್ತಿತ್ತು.

ಅಕ್ಟೋಬರಿನ ಕೊನೆಯ ಸಂಜೆ ಮಮ್ಮಿ ತಲೆಗೆ ಸ್ನಾನ ಮಾಡಿ, ಚರ್ಚಿಗೆ ಉಡುವ ಸೀರೆ ಉಟ್ಟು ಕೂತಳು. ಮೊದಲರ್ಧ ಹೇಳಿದಳು. ಪಪ್ಪ ಉತ್ತರ ಕೊಡಲಿಲ್ಲ.

ಅವಳು ಇನ್ನೊಮ್ಮೆ ಹೇಳಿದಳು. ಪಪ್ಪ ತುಟಿ ಬಿಗಿದುಕೊಂಡಿದ್ದರು. ನಾನು ಎದ್ದುಹೋಗಿ ಅವರ ಎಡಗೈ ಹಿಡಿದೆ. ಹೌದಾದರೆ ಒತ್ತುವುದು, ಅಲ್ಲವಾದರೆ ಸುಮ್ಮನಿರುವುದು, ಅದು ನಮ್ಮಿಬ್ಬರ ಭಾಷೆಯಾಗಿತ್ತು.

"ಹೇಳೂಕೆ ಬರೂದಿಲ್ವ ಪಪ್ಪಾ?"

ಕೈ ಸುಮ್ಮನಿತ್ತು.

"ಹೇಳೂದು ಬ್ಯಾಡ್ವ?"

ಒತ್ತಿದರು, ನನ್ನ ಬೆರಳು ನೋಯುವಷ್ಟು.

"ಒಂದೇ ಒಂದು ಹೇಳಿ," ಎಂದಳು ಮಮ್ಮಿ. "ಇವತ್ತು ಕಡೇ ದಿನ. ನಿಮ್ಮ ಕಾಲಿಗೆ ಬೀಳ್ತೆ." ಬಿದ್ದೂ ಬಿಟ್ಟಳು. ಅವರ ಪಾದ ಹಿಡಿದು, ಹಣೆ ಮಂಚದ ಅಂಚಿಗೆ ಒತ್ತಿಕೊಂಡಳು. ಪಪ್ಪ ತಲೆಯಾಡಿಸಿದರು. ಹೇಳಬೇಕಾದದ್ದು ಒಂದು, ಬಾಯಿಂದ ಬರುವುದು ಇನ್ನೊಂದು, ಅದನ್ನು ದಿನವೂ ಕೇಳಿಸಿಕೊಂಡು ಆ ಮನುಷ್ಯ ಬೇಸತ್ತಿದ್ದರು. ಇಷ್ಟು ತಡವಾಗಿ ನನಗೆ ಅದು ತಿಳಿಯಿತು. ತಿಳಿದು ಮಾಡುವುದೇನು? ಎಳೆಯುವುದಾದರೆ ಯಾರನ್ನು ಎಳೆಯಲಿ, ಬಿಡಿಸುವುದಾದರೆ ಯಾರಿಂದ ಯಾರನ್ನು ಬಿಡಿಸಲಿ ಎಂದು ತೋಚದೆ ನಿಂತೇ ಇದ್ದೆ.

ಮಮ್ಮಿ ಎದ್ದಳು. ಮಂಚದ ಬದಿಗೇ ಇದ್ದ ಆಲ್ತಾರಿನ ಮೇಲಿನ ಮರಿಯಮ್ಮನ ಮೂರ್ತಿಯ ಮುಂದೆ ಹೋಗಿ ನಿಂತಳು. ಅವಳ ದನಿಯಲ್ಲಿ ಪ್ರಾರ್ಥನೆ ಇರಲಿಲ್ಲ, ನಲ್ಲಿಯ ಹತ್ತಿರ ಎದುರುಮನೆಯವಳೊಡನೆ ಜಗಳಕ್ಕೆ ನಿಂತ ಹೆಂಗಸಿನ ದನಿಯಿತ್ತು.

"ನಿನ್ನನ್ನು ಕರೆಯೂಕೆ ಅವರಿಗೆ ಬಾಯಿ ಕೊಟ್ಟೆ. ಬೆಳಿಗ್ಗೆ ಸಂಜೆ ಕರೆಸ್ಕಂಡೆ. ನಾನು ಕೇಳಿದ್ದು ಇಷ್ಟೇ. ಒಂದು ಸಲ ನನ್ನ ಹೆಸರು. ನೀನೂ ಗಂಡನ ಸಂಗಡ ಬಾಳಿದವಳಲ್ವ?"

ನನಗೆ ಹೆದರಿಕೆಯಾಯಿತು. ಅವಳು ಹಾಗೆ ಮಾತಾಡಿದ್ದನ್ನು ನಾನು ಕೇಳಿದವಳಲ್ಲ.

ಅಷ್ಟರಲ್ಲಿ ಪಪ್ಪ ಎಡಗೈ ಚಾಚಿ ಅವಳ ಸೆರಗು ಹಿಡಿದೆಳೆದರು. ಅವಳು ತಿರುಗಿ ಬಂದು ಮಂಚದ ಮೇಲೆ ಕೂತಳು. ಅವಳ ಮುಖವನ್ನೇ ನೋಡುತ್ತ ಪಪ್ಪ ಬಾಯಿ ತೆರೆದರು. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಗಾಯಿತು. ಅವಳ ಹೆಸರಿನ ಮೊದಲ ಅಕ್ಷರಕ್ಕೆ ತುಟಿಗಳೆರಡೂ ಕೂಡುವುದನ್ನು ನಾವಿಬ್ಬರೂ ಕಂಡೆವು.

"ದೆವಾಚೆ ಮಾಯೆ," ಎಂದರು ಪಪ್ಪ.

ಶುರುವಾದ ಮೇಲೆ ಅದು ನಿಲ್ಲಲಿಲ್ಲ. ಪಪ್ಪ ಕಣ್ಣೀರು ಸುರಿಸುತ್ತ ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದರು, ಬಾಯಿ ಮಾತ್ರ ತನ್ನ ಪಾಡಿಗೆ ಸ್ಪಷ್ಟವಾಗಿ ಹೇಳುತ್ತ ಹೋಗುತ್ತಿತ್ತು. ಮಮ್ಮಿ ಅಂಗೈಯಿಂದ ಅವರ ಬಾಯಿ ಮುಚ್ಚಿದಳು.

"ಆತು," ಎಂದಳು. "ನಂಗೆ ಕೇಳ್ತು. ಇನ್ನು ಹೇಳೂದು ಬ್ಯಾಡ."

ಅವಳ ಅಂಗೈಯೊಳಗೆ ಅದು ಆಮೆನ್‌ವರೆಗೂ ನಡೆದೇ ಇತ್ತು.