ಖಾಲಿ ಸಾಲನ್ನೂ ಸುದ್ದಿಯಾಗಿಸಿದ ಅಕ್ಕ

ನೀರು ಸರಬರಾಜಿನ ಇತಿಹಾಸ ಬರೆಯುವವರು ಅಣೆಕಟ್ಟು ಕಟ್ಟಿದವರನ್ನೂ ಕೊಳವೆ ಹಾಸಿದವರನ್ನೂ ನೆನೆಯುತ್ತಾರೆ. ಆ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂಬ ಮಾತನ್ನು ಮನೆಮನೆಗೆ ಮುಟ್ಟಿಸಿದವರನ್ನು ನೆನೆಯುವುದು ಅಪರೂಪ. ಅಂಥವರಲ್ಲಿ ಅಗ್ರಗಣ್ಯರು, ಒಂದು ಕಾಲಕ್ಕೆ ನಮ್ಮ ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದ ಮೇಲ್ವಿಚಾರಕಿಯಾಗಿದ್ದು, ಈಗ ಹಳೆಯ ಕಡತಗಳ ಕೋಣೆಯಿಂದ ನಿವೃತ್ತರಾಗುತ್ತಿರುವ, ನಾವೆಲ್ಲ ಬಾಯ್ತುಂಬ ‘ಅಕ್ಕ’ ಎಂದು ಕರೆಯುವ ಹಿರಿಯ ಸಹೋದ್ಯೋಗಿ.

ನಾನು ಪ್ರಯೋಗಾಲಯಕ್ಕೆ ರಸಾಯನತಜ್ಞನಾಗಿ ಸೇರಿದಾಗ, ನೀರಿನ ಪರೀಕ್ಷೆಯ ಫಲಿತಾಂಶವನ್ನು ಗೇಟಿನ ಫಲಕಕ್ಕೆ ಅಂಟಿಸುತ್ತಿದ್ದರು. ಅತ್ತ ತಿರುಗಿ ನೋಡುವವರಿರಲಿಲ್ಲ. ಅಕ್ಕ, ಕಚೇರಿಯವರು ಮೂಲೆಗೆಸೆದಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ ತಮ್ಮ ಮೇಜಿನಡಿ ಇಟ್ಟುಕೊಂಡು, ನಲವತ್ತು ಸಾಲಿನ ಪುಟ್ಟ ಪ್ರೋಗ್ರಾಂ, ಅವರ ಮಾತಿನಲ್ಲಿ ‘ಸ್ಕ್ರಿಪ್ಟ್’, ಬರೆದರು. ನಾನು ಟ್ಯಾಂಕಿಗೊಂದು ಸಾಲಿನಂತೆ ಫಲಿತಾಂಶ ತುಂಬಿದ್ದೇ ತಡ, ಅದು ದಿನಾಂಕ ಹಚ್ಚಿ, ಫೋನುಗಳು ಓದಬಲ್ಲ ಸುದ್ದಿಪಟ್ಟಿಯಾಗಿ, ಅಂದರೆ ಫೀಡ್ ಆಗಿ, ಜೋಡಿಸಿ ಹೊರಗಿಡುತ್ತಿತ್ತು. ಶಾಲೆ, ಆಸ್ಪತ್ರೆ, ಮನೆಗಳ ಫೋನುಗಳು ಹೊಸದೇನಿದೆಯೆಂದು ಆಗಾಗ ತಾವಾಗಿಯೇ ನೋಡಿಕೊಳ್ಳುತ್ತಿದ್ದವು.

“ಇದಕ್ಕೆಲ್ಲ ದೊಡ್ಡ ಸಾಫ್ಟ್‌ವೇರ್ ಯಾಕೆ ಬೇಕು? ಒಂದು ಪಟ್ಟಿ, ಒಂದು ಗಡಿಯಾರ ಇದ್ರೆ ಆಯ್ತು,” ಎಂದು ನಗುತ್ತಿದ್ದರು. ನನ್ನ ತಾಯಿ ಹಾಸಿಗೆ ಹಿಡಿದಾಗ ಹದಿನೈದು ದಿನ ನನ್ನ ಬರವಣಿಗೆಯ ಕೆಲಸವನ್ನೆಲ್ಲ ತಾವೇ ಹೊತ್ತುಕೊಂಡರು. ಆ ಉಪಕಾರವನ್ನು ಮತ್ತೆಂದೂ ಎತ್ತಿ ಆಡಲಿಲ್ಲ.

ಒಂಬತ್ತು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಚರಂಡಿಯ ಕೊಳವೆ ಒಡೆದು ಊರಿನ ಪೂರ್ವದ ಟ್ಯಾಂಕಿಗೆ ಹೊಲಸು ಸೇರಿತು. ನನ್ನ ಪರೀಕ್ಷೆಯಲ್ಲಿ ಅದು ನಿಚ್ಚಳವಾಗಿ ಕಂಡಿತು. “ಇನ್ನೊಂದ್ಸಲ ನೋಡಿ. ಜನ ಸುಮ್ನೆ ಗಾಬರಿ ಆಗ್ತಾರೆ,” ಎಂದರು ಮುಖ್ಯಾಧಿಕಾರಿಗಳು. ಮೊದಲ ಫಲಿತಾಂಶವೇ ಸರಿಯೆಂದು ಬಲ್ಲೆನಾದರೂ, ಆ ಟ್ಯಾಂಕಿನ ಸಾಲನ್ನು ತುಂಬದೆ ಬಿಟ್ಟೆ.

ಮೂರನೆಯ ಬೆಳಿಗ್ಗೆ ಅಕ್ಕ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದರು.

“ಪೂರ್ವದ ಟ್ಯಾಂಕಿನ ಸಾಲು ಎರಡು ದಿನದಿಂದ ಖಾಲಿ ಇದ್ಯಲ್ಲ, ಯಾಕೆ?”

“ಸಾಹೇಬ್ರು ಕಾಯೋಕೆ ಹೇಳಿದ್ರು.”

“ಜನ ನೀರು ಕುಡಿಯೋದನ್ನ ಕಾಯ್ತಾರಾ? ಬರೀರಿ, ಈಗ್ಲೇ.”

ಬರೆದೆ. ಕೆಲವೇ ನಿಮಿಷಗಳಲ್ಲಿ ಎಚ್ಚರಿಕೆ ಹೊರಟಿತು. ಆದರೆ ಆ ಎರಡು ದಿನಗಳ ನೀರು ಕುಡಿದವರಲ್ಲಿ ಹನ್ನೊಂದು ಜನ ಉಳಿಯಲಿಲ್ಲ. ಅವರಲ್ಲೊಬ್ಬಳು ಅಕ್ಕನ ತಂಗಿಯ ಆರು ವರ್ಷದ ಮಗಳು. ಆ ತಾಯಿ ದಿನಾ ಫೀಡ್ ನೋಡಿಯೇ ನೀರು ತುಂಬುತ್ತಿದ್ದವರು. ಎಚ್ಚರಿಕೆಯೇನೂ ಕಾಣದ್ದರಿಂದ ನಂಬಿ ಕುಡಿಸಿದ್ದರು.

ಅನಧಿಕೃತ ಯಂತ್ರದಿಂದ ಜನ ಮೋಸಹೋದರೆಂದು ವಿಚಾರಣೆ ಮುಗಿಯಿತು. ಯಂತ್ರವನ್ನು ಕಿತ್ತರು, ಅಕ್ಕನನ್ನು ಕಡತಗಳ ಕೋಣೆಗೆ ಹಾಕಿದರು. ನಾನು ತುಟಿ ಬಿಚ್ಚಲಿಲ್ಲ. ಅವರೂ ನನ್ನ ಹೆಸರೆತ್ತಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ನಿಮ್ಮ ಹೆಸರು ಹೇಳಿದ್ರೆ ಮಗು ಬರುತ್ತಾ? ಮನೇಲಿ ನಿಮ್ಮ ತಾಯಿ ಇದ್ದಾರೆ. ಅಲ್ಲದೆ, ಸಾಲು ಖಾಲಿ ಇದ್ರೂ ಸುಮ್ನಿದ್ದಿದ್ದು ನನ್ನ ಸ್ಕ್ರಿಪ್ಟೂ ಹೌದಲ್ವಾ?” ಎಂದರು.

ತಿಂಗಳು ತುಂಬುವುದರೊಳಗೆ, ಪರದೆ ಒಡೆದ ಲ್ಯಾಪ್‌ಟಾಪೊಂದು ಅವರ ಅಡುಗೆಮನೆಯ ಕಪಾಟಿನ ಮೇಲೆ ಸರ್ವರ್ ಆಗಿ ಕುಳಿತಿತ್ತು. ಸ್ಕ್ರಿಪ್ಟಿಗೆ ಐದು ಸಾಲು ಹೆಚ್ಚಾಗಿದ್ದವು: ಮಧ್ಯಾಹ್ನ ಹನ್ನೆರಡರೊಳಗೆ ಯಾವುದೇ ಟ್ಯಾಂಕಿನ ಫಲಿತಾಂಶ ಬಾರದಿದ್ದರೆ, ‘ಇಂದಿನ ಫಲಿತಾಂಶ ತಿಳಿದಿಲ್ಲ, ನೀರು ಕುದಿಸಿ ಕುಡಿಯಿರಿ’ ಎಂದು ಅದು ತಾನಾಗಿಯೇ ಹೇಳುತ್ತದೆ. ಅಂದಿನಿಂದ ಅಕ್ಕ ದಿನವೂ ಹನ್ನೊಂದಕ್ಕೆ ಗೇಟಿನ ಫಲಕದ ಮುಂದೆ ನಿಂತು ಅಂಕಿಗಳನ್ನು ಫೋನಿನಲ್ಲಿ ಒತ್ತಿ ಮನೆಯ ಯಂತ್ರಕ್ಕೆ ಕಳಿಸುತ್ತಾರೆ. ಹತ್ತೂವರೆಗೆ ಆ ಹಾಳೆಯನ್ನು ನಾನೇ ಅಂಟಿಸುತ್ತೇನೆ, ಯಾರನ್ನೂ ಕೇಳದೆ.

ತಂಗಿ ಅಕ್ಕನೊಡನೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ಅಕ್ಕನ ಫೀಡ್ ಕೆಟ್ಟಿತ್ತೆಂದೇ ಆಕೆಯ ತಿಳಿವಳಿಕೆ. ಇದು ನನಗೆ ತಿಳಿದದ್ದು ಕಳೆದ ವಾರ, ಅವರ ಅಭಿನಂದನ ಗ್ರಂಥದ ಈ ಲೇಖನದಲ್ಲಿ ಏನು ಬರೆಯಲಿ ಎಂದು ಕೇಳಲು ಅವರ ಮನೆಗೆ ಹೋದಾಗ. “ಮಷೀನ್ ನಡೀತಾ ಇದೆ ಅಂತ ಬರೀರಿ, ಸಾಕು,” ಎಂದರು ಅಕ್ಕ.

ಅವರ ಮಾತನ್ನು ಮೊದಲ ಬಾರಿಗೆ ಮೀರುತ್ತಿದ್ದೇನೆ. ತಂಗಿಯವರೇ, ಫೀಡ್ ಕೆಟ್ಟಿರಲಿಲ್ಲ. ಸಾಲನ್ನು ಖಾಲಿ ಬಿಟ್ಟವನು ನಾನು.

ನಮ್ಮ ಅಕ್ಕನಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಒದಗಲಿ, ಅವರ ಕಪಾಟಿನ ಮೇಲಿನ ಯಂತ್ರ ಇನ್ನೂ ಬಹುಕಾಲ ಊರನ್ನು ಎಚ್ಚರಿಸುತ್ತಿರಲಿ ಎಂದು ಹಾರೈಸುತ್ತೇನೆ. ಈ ಗ್ರಂಥದ ಮೊದಲ ಪ್ರತಿಯನ್ನು ಅವರ ತಂಗಿಯ ಮನೆಗೆ ನಾನೇ ಒಯ್ಯುತ್ತೇನೆ. ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತಿರುತ್ತೇನೆ.