ಇಂದುಧರರ ಅಟ್ಟದ ಕೊಬ್ಬರಿ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರರು ಅಂಗಡಿಯ ಬೀಗದ ಕೈಯನ್ನು ಮಗ ಶಶಿಧರನಿಗೆ ಒಪ್ಪಿಸಿ, ಹಳೇಬೀಡಿನ ಬಸ್ತಿಹಳ್ಳಿ ಕಡೆ ಹೊಸದಾಗಿ ಎದ್ದ ಹಿರಿಯರ ಅಪಾರ್ಟ್‌ಮೆಂಟಿಗೆ ತಾವಾಗಿಯೇ ಬಂದು ಸೇರಿದರು. ಯಾರೂ ಕಳಿಸಿದ್ದಲ್ಲ. ಅರವತ್ತು ದಾಟಿದವರಿಗೆ ಮಾತ್ರ ಮನೆ, ಬೇಕೆಂದರೆ ಅಡುಗೆ ಮಾಡಿಕೊಳ್ಳಿ, ಬೇಡವೆಂದರೆ ಕೆಳಗೆ ಮೆಸ್ಸಿದೆ ಅಂದಾಗ, ‘ಅದೇನು ನೋಡೇಬಿಡೋಣ’ ಅನ್ನಿಸಿತು. ಈ ‘ನೋಡೇಬಿಡೋಣ’ ಅವರ ಹುಟ್ಟುಗುಣ. ಬಂದ ದಿನವೇ ಲಿಫ್ಟಿನಲ್ಲಿ ನಾಲ್ಕು ಸಲ ಸುಮ್ಮನೆ ಮೇಲೆ ಕೆಳಗೆ ಓಡಾಡಿದರು.

ಆಮೇಲೆ ಕಣ್ಣು ಬಿದ್ದದ್ದು ಅಡುಗೆಮನೆಯ ಮೇಲಿನ ಲಾಫ್ಟಿನ ಮೇಲೆ.

“ಅದು ಸೂಟ್‌ಕೇಸ್ ಇಡೋಕೆ ಸರ್,” ಅಂದಳು ಮ್ಯಾನೇಜರ್ ದಿವ್ಯಾ.

“ಸೂಟ್‌ಕೇಸ್ ಮಂಚದ ಕೆಳಗೂ ಕೂರ್ತದೆ ಕಣಮ್ಮ. ಇದು ಅಟ್ಟ.”

ನಲವತ್ತೈದು ವರ್ಷ ಅವರು ಹತ್ತಿದ್ದೆಲ್ಲ ಕಂಡವರ ಅಟ್ಟ. ರೈತರ ಮನೆಗೆ ಹೋಗಿ, ಒಣಗಲು ಹಾಕಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಒಳಗೆ ಒಣಗಿ ಚಿಪ್ಪು ಬಿಟ್ಟ ಇಡೀ ಕೊಬ್ಬರಿ, ಗಿಟುಕು, ಲೊಟಲೊಟ ಅಂದರೆ ಬೆಲೆ ಕಟ್ಟುವುದು. ‘ಇಂದುಧರಪ್ಪನ ಕಿವಿ ತಪ್ಪಲ್ಲ’ ಅಂತ ಜಾವಗಲ್‌ವರೆಗೂ ಮಾತಿತ್ತು. ಆದರೆ ಸ್ವಂತಕ್ಕೆ ಒಂದೇ ಒಂದು ಕಾಯಿ ಒಣಗಿಸಿದವರಲ್ಲ.

ಪಕ್ಕದ ಮನೆಯ ರಂಗಮ್ಮ ಜಾವಗಲ್ ಕಡೆಯ ಬೇಸಾಯದವರು. ಅವರು ಅದನ್ನೇ ಹಿಡಿದುಕೊಂಡರು. “ಕಂಡೋರ ಕಾಯಿ ಅಲ್ಲಾಡ್ಸಿ ದೊಡ್ಡೋರಾದ್ರಿ. ಒಂದು ಒಣಗ್ಸಿ ನೋಡಿ, ಗೊತ್ತಾಯ್ತದೆ.”

ಅದೇ ವಾರ ಮೊಮ್ಮಗಳು ಸಿರಿಯ ಮದುವೆ ಬರುವ ವೈಶಾಖಕ್ಕೆ ಗೊತ್ತಾಯಿತು. ಇಂದುಧರರು ಫೋನಿನಲ್ಲಿ ಹೇಳಿಯೇಬಿಟ್ಟರು: “ನಿನ್ನ ಮಡಿಲಕ್ಕಿಗೆ ಅಂಗಡಿ ಕೊಬ್ಬರಿ ಬೇಡ. ನನ್ನ ಅಟ್ಟದ್ದೇ ಗಿಟುಕು, ನನ್ನ ಕೈಯಾರೆ ಒಣಗ್ಸಿದ್ದು.” ಸಿರಿ ಏನೋ ಅಂದಳು, ಕೇಳಿಸಲಿಲ್ಲ. “ನೆಟ್‌ವರ್ಕ್ ಸರಿಯಿಲ್ಲ,” ಎಂದು ಇಟ್ಟರು. ಈಚೆಗೆ ಹಳೇಬೀಡಿನಲ್ಲಿ ಯಾವಾಗಲೂ ಹೀಗೇ ಎಂದು ಅವರ ದೂರು.

ರಂಗಮ್ಮ ತೋಟದಿಂದ ಹದಿಮೂರು ಕಾಯಿ ತರಿಸಿಕೊಟ್ಟರು, ಸಿಪ್ಪೆ ಸಮೇತ. “ಹನ್ನೊಂದು ತಿಂಗಳು ಮುಟ್ಟಂಗಿಲ್ಲ,” ಎಂದು ಕಟ್ಟುನಿಟ್ಟು ಮಾಡಿದರು. ಪಾಪ, ಆ ಮನುಷ್ಯ ಹೇಗೆ ಇದ್ದರೋ! ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಲಾಫ್ಟನ್ನೇ ನೋಡುತ್ತ ನಿಲ್ಲುವುದು. ಒಲೆಯ ಹೊಗೆಯಿಲ್ಲದ ಮನೆಯಲ್ಲಿ ಕಾಯಿ ಒಣಗುತ್ತದೋ, ಕೊಳೆಯುತ್ತದೋ? ನೀರು ಎಲ್ಲಿಗೆ ಹೋಗುತ್ತದೆ? ಮೆಸ್ಸಿನಲ್ಲಿ ಊಟಕ್ಕೆ ಕೂತವರಿಗೆಲ್ಲ ಇದೇ ಪ್ರಶ್ನೆ.

ಹನ್ನೊಂದು ತಿಂಗಳು ತುಂಬಿದ ದಿನ ಸ್ಟೂಲು ಹತ್ತಿ ಒಂದನ್ನು ಇಳಿಸಿ ಅಲ್ಲಾಡಿಸಿದರು. ಸದ್ದಿಲ್ಲ. ನೀರಿನ ಸದ್ದೂ ಇಲ್ಲ, ಗಿಟುಕಿನ ಸದ್ದೂ ಇಲ್ಲ. ಸದ್ದಿಲ್ಲದ ಕಾಯಿ ಎಂದರೆ ಒಳಗೇ ಕೊಳೆತು ಚಿಪ್ಪಿಗೆ ಅಂಟಿದ್ದು, ಅದು ಅವರಿಗೆ ಗೊತ್ತಿಲ್ಲವೆ? ರಂಗಮ್ಮನ ಕಣ್ಣಿಗೆ ಬೀಳದ ಹಾಗೆ ಅದನ್ನು ಮೆಸ್ಸಿನ ಹಿಂದಿನ ಕಸದ ಚೀಲಕ್ಕೆ ಹಾಕಿ ಬಂದರು. ಮಾರನೆ ದಿನ ಇನ್ನೊಂದು, ಅದೂ ಹಾಗೇ. ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅಟ್ಟದ ಮೇಲೆ ಉಳಿದದ್ದು ಒಂದೇ. ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ. ಮದುವೆಗೆ ಎಂಟು ದಿನ. ಹುಡುಗಿಗೆ ಏನು ಹೇಳುವುದು?

ಅವತ್ತು ಮೆಸ್ಸಿನಲ್ಲಿ ಕೊಬ್ಬರಿ ಮಿಠಾಯಿ ಮಾಡಿದ್ದರು. ಇಂದುಧರರು ಬೇಡಬೇಡವೆನ್ನುತ್ತಲೇ ಚೂರು ಬಾಯಿಗೆ ಹಾಕಿದರು, ಅಗಿಯುವುದನ್ನು ನಿಲ್ಲಿಸಿದರು. ಇನ್ನೊಂದು ಚೂರು ತಿಂದರು. ನಾಲಗೆಗೆ ಇನ್ನೂ ವಯಸ್ಸಾಗಿರಲಿಲ್ಲ. ನೇರ ಅಡುಗೆಮನೆಗೇ ನಡೆದರು.

“ಅನುಸೂಯಮ್ಮ, ಇದು ಅಂಗಡಿದಲ್ಲ. ಯಾವ ತೋಟದ್ದು ತಾಯಿ ಇದು? ಇಂಥ ಕೊಬ್ಬರಿ ನಾನು ತಿಂದು ಎಷ್ಟು ವರ್ಷ ಆಯ್ತು.”

ಅಡುಗೆಯ ಅನುಸೂಯಮ್ಮ ಸೌಟು ಕೆಳಗಿಟ್ಟರು. “ನಿಮ್ಮವೇ ಅಲ್ವಾ ಸ್ವಾಮಿ? ಲೊಟಲೊಟ ಅನ್ನೋ ಕಾಯಿನ ದಿನಾ ತಂದು ಕಸಕ್ಕೆ ಹಾಕ್ತಿದ್ರಿ. ಚಿನ್ನದಂಥ ಗಿಟುಕು. ದೊಡ್ಡೋರಿಗೆ ಏನೋ ಹರಕೆ ಇರ್ಬೇಕು ಅಂತ ನಾನು ಕೇಳ್ಳಿಲ್ಲ.”

ಇಂದುಧರರು ಹಾಗೇ ಮೇಲೆ ಬಂದು, ಅಟ್ಟದಲ್ಲಿ ಉಳಿದ ಒಂದು ಕಾಯಿಯನ್ನು ಇಳಿಸಿಕೊಂಡು ರಂಗಮ್ಮನ ಬಾಗಿಲು ತಟ್ಟಿದರು. ಕಾಯಿಯನ್ನು ಅವರ ಕೈಗಿಟ್ಟರು. “ಅಲ್ಲಾಡ್ಸಿ ನೋಡಿ ರಂಗಮ್ಮನೋರೇ.”

ರಂಗಮ್ಮ ಅಲ್ಲಾಡಿಸಿದರು. ಇಂದುಧರರು ಕಾಯಿಯನ್ನು ನೋಡಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದರು. ಆ ಮುಖ ಅರಳಿತು.

“ಮಕ್ಕಳ ಗಿಲಕಿ ಆಡ್ದಂಗೆ ಆಡ್ತೈತೆ. ಇದಕ್ಕೆ ನನ್ನ ಕೇಳ್ಬೇಕಾ? ನಿಮಗೇ...” ಅಂದವರು ಅವರ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮಚ್ಚು ತಂದು ಸಿಪ್ಪೆ ಸುಲಿದು, ಚಿಪ್ಪನ್ನು ಮೆಲ್ಲಗೆ ಸುತ್ತಲೂ ತಟ್ಟಿ ಒಡೆದರು. ಇಡೀ ಗಿಟುಕು, ಒಂದು ಬಿರುಕಿಲ್ಲದೆ, ಇಂದುಧರರ ಅಂಗೈಗೆ ಬಂತು.

ಅವರು ಅದನ್ನು ಪಂಚೆಯ ತುದಿಯಲ್ಲಿ ಒರೆಸಿದರು, ಮೂಸಿದರು. ಆಮೇಲೆ ಫೋನು ತೆಗೆದು ಸಿರಿಗೆ ಹಚ್ಚಿದರು.

“ಗಿಟುಕು ಆಯ್ತು ಕಣವ್ವ, ತಗೊಂಡು ಬತ್ತೀನಿ,” ಅಂದರು. ಆ ಕಡೆಯಿಂದ ಅವಳು ಏನೋ ಹೇಳಿದಳು. ಅವರು ಫೋನನ್ನು ಕಿವಿಗೆ ಒತ್ತಿಕೊಂಡು, “ಜೋರಾಗಿ ಹೇಳು ಮಗಾ,” ಅಂದರು. “ನೆಟ್‌ವರ್ಕ್ ಚೆನ್ನಾಗೇ ಐತೆ. ನನಗೇ ಕಿವಿ ಕೇಳಲ್ಲ.”