ನೇರಳೆ ಮರ ಕಡಿದ ಬಯಲು

ನಮ್ಮೂರಿನ ಮಕ್ಕಳಿಗೆ ಆಟದ ಬಯಲು ಮಾಡಿಸುತ್ತೇನೆಂದು ಬ್ರಿಟಿಷ್ ದೊರೆಯೊಬ್ಬ ಕುದುರೆ ಮೇಲೆ ಕೂತೇ ಹೇಳಿ ಹೋದ. ಕಬ್ಬಿಣದ ಸರಪಳಿಯ ಉಯ್ಯಾಲೆ ಬರುತ್ತದಂತೆ ಎಂದು ಅಪ್ಪ ಮನೆಯಲ್ಲಿ ಹೇಳಿದಾಗ ಅಕ್ಕ ಕುಣಿದೇಬಿಟ್ಟಳು. ಅವಳಿಗೆ ಹೊಳೆಯಾಚೆ ಗಂಡು ಗೊತ್ತಾಗಿತ್ತು, ಮುಂದಿನ ವರ್ಷ ಮದುವೆ. ಅಷ್ಟರೊಳಗೆ ಆ ಉಯ್ಯಾಲೆಯಲ್ಲಿ ಮನಸಾರೆ ಜೀಕಿಕೊಳ್ಳಬೇಕೆಂಬುದು ಅವಳ ಆಸೆ. ಸೊಸೆಯನ್ನು ಉಯ್ಯಾಲೆ ಮೇಲೆ ಯಾವ ಅತ್ತೆ ಕೂರಿಸುತ್ತಾಳೆ?

ನಮಗೆ ಉಯ್ಯಾಲೆ ಇರಲೇ ಇಲ್ಲವೆಂದಲ್ಲ. ಬಯಲಿನ ನಡುವೆ ದೊಡ್ಡ ನೇರಳೆ ಮರವಿತ್ತು. ಅದರ ಕೊಂಬೆಗೆ ಎತ್ತಿನ ಹಗ್ಗ ಬಿಗಿದು, ತೊಡೆ ಕೊಯ್ಯದಂತೆ ಗೋಣಿ ಮಡಿಸಿಟ್ಟು ಊರಿನ ಹೆಣ್ಣುಮಕ್ಕಳೆಲ್ಲ ಆಡುತ್ತಿದ್ದೆವು. ಓವರ್‌ಸಿಯರ್ ನಕ್ಷೆ ಬಿಡಿಸಿದಾಗ ಹೊಸ ಉಯ್ಯಾಲೆಯ ಕಂಬಗಳು ಸರಿಯಾಗಿ ಆ ಮರದ ಬುಡಕ್ಕೇ ಬಂದವು.

ಆಗ ಸುಗ್ಗಿ ಹತ್ತಿರವಾಗಿತ್ತು. ನಮ್ಮ ಕಡೆ ಸುಗ್ಗಿ ಹಬ್ಬ ಬಂತೆಂದು ಊರಲ್ಲಿ ಕೂಗಿ ಸಾರು ಹಾಕಿದರೆ ಹಬ್ಬ ಮುಗಿಯುವ ತನಕ ಕಟ್ಟುನಿಟ್ಟು. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ನೆಲಕ್ಕೆ ಗುದ್ದಲಿ ತಾಗಿಸುವಂತಿಲ್ಲ. ಸರ್ಕಾರಕ್ಕೇ ಇಲ್ಲದ ಆತುರ ನಮ್ಮವರಿಗೆ ಹತ್ತಿಕೊಂಡಿತು.

"ಇವತ್ತೇ ಕಡ್ದು ಬಿಡಾನ. ನಾಳೆ ಸಾರು ಬಿದ್ರೆ ಕೆಲ್ಸ ನಿಂತೋಯ್ತದೆ. ಅಷ್ಟ್ರಲ್ಲಿ ದೊರೆ ಮನ್ಸು ತಿರುಗಿದ್ರೆ?" ಅಂದದ್ದು ನನ್ನ ಅಪ್ಪನೇ. ಮೊದಲ ಏಟೂ ಅವನದೇ. ಹಗ್ಗ ಬಿಚ್ಚಿ ಕೊಟ್ಟವಳು ಅಕ್ಕ, ಅದೂ ನಗುನಗುತ್ತ. ಸಂಜೆಯೊಳಗೆ ಮರ ಉರುಳಿತ್ತು.

ಸುಗ್ಗಿ ಮುಗಿಯುವ ಹೊತ್ತಿಗೆ ದೊರೆಗೆ ವರ್ಗವಾಗಿತ್ತು. ಹೊಸ ದೊರೆ ನಕ್ಷೆ ತಿದ್ದಿಸಿದ. ಉಯ್ಯಾಲೆ ನಡುವೆ ಬೇಡ, ಮೂಲೆಗೆ ಹೋಗಲಿ, ಮೊದಲು ನೆಲ ಸಮ ಮಾಡಿ ಎಂದ. ಹಾಗಾದರೆ ಮರ ಅಲ್ಲೇ ಇರಬಹುದಿತ್ತಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಣ್ಣು ಸುರಿದು ಸಮ ಮಾಡುತ್ತಿದ್ದಂತೆ ಮುಂಗಾರು ಹಿಡಿಯಿತು. ಮಣ್ಣೆಲ್ಲ ಕೆಳಗಿನ ಗದ್ದೆ ಸೇರಿತು. ಮಳೆ ಕಳೆದ ಮೇಲೆ ಆ ದೊರೆಯ ಹೆಂಡತಿಗೆ ಅಲ್ಲೊಂದು ಟೆನಿಸ್ ಅಂಗಳ ಬೇಕೆನಿಸಿತು. ಮತ್ತೆ ನಕ್ಷೆ ಬದಲಾಯಿತು. ಸುತ್ತ ಬೇಲಿ ಬಂತು. ಇದ್ದ ಬಯಲಿಗೂ ನಾವು ಕಾಲಿಡದಂತಾಯಿತು.

ಅಕ್ಕ ಒಂದು ದಿನ ಬೇಲಿ ಹಿಡಿದು ನಿಂತು ಓವರ್‌ಸಿಯರನ್ನು ಕೇಳಿದಳು. "ಉಯ್ಯಾಲೆ ಯಾವಾಗ ಬತ್ತದೆ ಸ್ವಾಮಿ?"

"ಬತ್ತದೆ ಕಣವ್ವ. ಇನ್ನೊಂದು ಮಳೆಗಾಲ ಕಳೀಲಿ."

ನಮ್ಮ ಸೀಮೆಯಲ್ಲಿ ಮಳೆಗಾಲ ಕಳೆಯಲಿ ಎನ್ನುವವನು ಇಲ್ಲ ಎನ್ನಲು ಧೈರ್ಯವಿಲ್ಲದವನು. ಅಕ್ಕನಿಗೂ ಅದು ಗೊತ್ತಿತ್ತು. ಆ ಬೇಸಿಗೆಯಲ್ಲಿ ಅವಳ ಮದುವೆಯಾಯಿತು.

ತವರಿಗೆ ಬಂದಾಗಲೆಲ್ಲ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಕೇಳುತ್ತಿದ್ದಳು. "ಉಯ್ಯಾಲೆ ಬಂತೇನೇ?"

"ಇಲ್ಲ ಕಣಕ್ಕ."

ಅಪ್ಪ ಆ ಮಾತು ಕಿವಿಗೆ ಬಿದ್ದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಆ ಕಡೆ ಮಣ್ಣು ಸುರಿಯುವುದು, ಕೊಚ್ಚಿಹೋಗುವುದು ನಡೆದೇ ಇತ್ತು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಕ್ಕನೂ ಬಂದಾಗೊಮ್ಮೆ ಇನ್ನಷ್ಟು ಇಳಿದಿರುತ್ತಿದ್ದಳು. ಮೊದಲ ಮಗು ಉಳಿಯಲಿಲ್ಲ. ಅವಳ ನಗು ಎಲ್ಲಿ ಹೋಯಿತೆಂದು ಅವ್ವ ನನ್ನನ್ನು ಕೇಳುತ್ತಿದ್ದಳು, ನಾನು ಯಾರನ್ನು ಕೇಳಲಿ?

ಎರಡನೆಯ ಬಾಣಂತನಕ್ಕೆ ಬಂದ ವರ್ಷ ಅವಳು ಉಯ್ಯಾಲೆಯ ಮಾತೇ ಎತ್ತಲಿಲ್ಲ. ಆ ವರ್ಷವೇ ಅದು ಬಂದಿತ್ತು. ಬೇಲಿ ಕಿತ್ತ ಬಯಲಿನ ಮೂಲೆಯಲ್ಲಿ ಕಬ್ಬಿಣದ ಕಂಬ, ಸರಪಳಿ, ಎಲ್ಲ ಮೊದಲು ಹೇಳಿದಂತೆಯೇ. ಅವಳು ಕೇಳಲಿ ಎಂದು ನಾನು ಕಾದೆ. ಒಂದು ಮಧ್ಯಾಹ್ನ ಅಕ್ಕ ಜಗಲಿಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಾಗ ಕಿರ್ ಕಿರ್ ಎಂಬ ಸದ್ದು ಬಂತು.

"ಅದೇನೇ ಸದ್ದು?"

"ಉಯ್ಯಾಲೆ ಕಣಕ್ಕ."

ಅವಳ ಕೈ ಮೊರದ ಮೇಲೆ ಸ್ವಲ್ಪ ನಿಂತಿತು. ಮತ್ತೆ ಕಲ್ಲು ಹುಡುಕತೊಡಗಿತು.

"ಮಗು ಎದ್ಬಿಡ್ತದೆ. ಆ ಬಾಗ್ಲು ಹಾಕೇ," ಅಂದಳು.